ಮನೆ ಕಷ್ಟಕ್ಕೆ ಸಿಕ್ಕಾಗ: ಯಾವುದು ಮೊದಲು, ಯಾವುದು ಆಮೇಲೆ

ಜವಳಿ ಅಂಗಡಿಯ ಹಳೆ ಚೀಲವೊಂದನ್ನು ಆಕೆ ನನ್ನ ಮುಂದೆ ಬೋರಲು ಹಾಕಿದರು. ರೇಷನ್ ಕಾರ್ಡು, ಎರಡು ಪಾಸ್‌ಬುಕ್ಕು, ಮಡಿಕೆಯಲ್ಲಿ ಹರಿದಿದ್ದ ಪಹಣಿ, ಬಂಗಾರ ಒತ್ತೆ ಇಟ್ಟ ಚೀಟಿ. ಎಲ್ಲದರ ಅಡಿಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ್ದ ನಾಲ್ಕು ಸಂಘದ ಸಾಲದ ಕಾರ್ಡು. ಅವನ್ನು ಕೈಗೆತ್ತಿಕೊಂಡ ಕೂಡಲೇ ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು: "ಎರಡಷ್ಟ ನಮ್ಮ ಮನಿಯವರಿಗೆ ಗೊತ್ತದಾವ್ರಿ ಅಣ್ಣಾರ. ಇನ್ನೆರಡು ಹೇಳಿಲ್ಲ."

ಮರುದಿನ ಆಕೆಯ ಗಂಡ ಹೊಲದ ದಾರಿಯಲ್ಲಿ ಸಿಕ್ಕರು. ಗೊಬ್ಬರದಂಗಡಿಯ ಉದ್ರಿ ಎಷ್ಟಿದೆ, ಊರೊಳಗೆ ಬಡ್ಡಿಗೆ ತಂದದ್ದು ಎಷ್ಟಿದೆ ಎಂದು ಒಂದೊಂದಾಗಿ ಹೇಳಿದರು. ಕೊನೆಗೆ, "ಮನ್ಯಾಗ ಮಾತ್ರ ಹೇಳಬ್ಯಾಡ್ರಿ" ಎಂದರು. ಒಂದೇ ಮನೆ, ಒಂದೇ ಒಲೆ, ಎರಡು ಸಾಲದ ಲೆಕ್ಕ.

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಹಲವು ವರ್ಷಗಳಿಂದ ಜನರಿಗೆ ಅರ್ಜಿ ಬರೆದುಕೊಡುವುದು, ಅವರ ಜೊತೆ ಕಚೇರಿಗೆ ಹೋಗುವುದು ನನ್ನ ಕೆಲಸ. ಕಷ್ಟಕ್ಕೆ ಬಿದ್ದ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಮಳೆ ಹೋಯಿತು, ದರ ಬಿತ್ತು, ದುಡಿಯುವವರು ಹಾಸಿಗೆ ಹಿಡಿದರು. ಕಾರಣ ಏನೇ ಇರಲಿ, ಅದರ ಜೊತೆಗೆ ಬಹುತೇಕ ಎಲ್ಲ ಕಡೆ ಇನ್ನೊಂದು ಸೇರಿಕೊಂಡಿರುತ್ತದೆ: ಮರ್ಯಾದೆಗೆ ಅಂಜಿ ಯಾರ ಮುಂದೂ ಬಾಯಿ ಬಿಡದೆ ಕಳೆದ ಐದಾರು ತಿಂಗಳು. ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ, ವಿಮೆಯ ಗಡುವು ದಾಟಿರುತ್ತದೆ, ಮಗಳು ಶಾಲೆ ಬಿಟ್ಟಿರುತ್ತಾಳೆ. ಆ ತಿಂಗಳುಗಳನ್ನು ಉಳಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಓದುತ್ತಿರುವ ನೀವು ಆ ಮನೆಯ ಓದಿದ ಮಗನಿರಬಹುದು, ತವರಿಗೆ ಬಂದ ಮಗಳಿರಬಹುದು, ಪಕ್ಕದ ಮನೆಯವರಿರಬಹುದು, ಊರಿನ ಶಾಲೆಯ ಮೇಷ್ಟ್ರಿರಬಹುದು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಆ ಮನೆಗೆ ಹೋಗಿ ಕೂರಿ. ಮುಂದಿನದನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಏನಾಗುತ್ತದೆಂದರೆ, ಮನೆಯವರು ಮೊದಲ ದಿನವೇ ಬ್ಯಾಂಕಿಗೆ ಓಡುತ್ತಾರೆ, ಅಲ್ಲಿ ಕಾಗದ ಸರಿ ಇಲ್ಲವೆಂದು ವಾಪಸು ಬರುತ್ತಾರೆ, ಮತ್ತೆ ಎಲ್ಲಿಗೂ ಹೋಗುವುದಿಲ್ಲ.

ಮೊದಲ ಹೆಜ್ಜೆ: ಮನುಷ್ಯರನ್ನು ನೋಡಿ

ಲೆಕ್ಕ ಕೇಳುವ ಮೊದಲು ಮನೆಯಲ್ಲಿ ಯಾರು ನಿದ್ದೆ ಮಾಡುತ್ತಿಲ್ಲ, ಯಾರು ಊಟ ಬಿಟ್ಟಿದ್ದಾರೆ, ಯಾರು ಹೊರಗೆ ಬರುತ್ತಿಲ್ಲ ಎಂದು ನೋಡಿ. "ನಾನಿಲ್ಲದಿದ್ದರ ಎಲ್ಲಾ ಸರಿ ಆಗತೈತಿ" ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಬೇಸರದ ಮಾತೆಂದು ಬಿಟ್ಟುಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ತಲೆಯಲ್ಲಿ ಹೊಸದಾಗಿ ಆ ಯೋಚನೆ ಹುಟ್ಟುತ್ತದೆ ಎಂದು ಬಹಳ ಜನ ಅಂಜುತ್ತಾರೆ. ಹಾಗಾಗುವುದಿಲ್ಲ. ಕೇಳಿದವರ ಮುಂದೆ ಅವರು ಅತ್ತು ಹಗುರಾಗುತ್ತಾರೆ, ಅಷ್ಟೇ. ಅಂಥವರನ್ನು ಆ ದಿನ ಒಬ್ಬರೇ ಬಿಡಬೇಡಿ.

ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ ಮನೆಯಲ್ಲಿದ್ದರೆ ಅದೇ ದಿನ ಹೊರಗೆ ಸಾಗಿಸಿ. ಬೇರೆಯವರ ಮನೆಯ ಬೀಗ ಹಾಕುವ ಕೋಣೆಯಲ್ಲಿ ಇಡಿಸಿ. ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಡಬ್ಬಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

14416 ಎಂಬುದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬಾಗಿ ನಿಂತಿದೆ. ಮುಖಾಮುಖಿ ಡಾಕ್ಟರ್ ಬೇಕೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕ್ಲಿನಿಕ್ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸಾಮಾನ್ಯವಾಗಿ ಮಂಗಳವಾರ ಇರುತ್ತದೆ. ತಲೆಡಾಕ್ಟರ ಹತ್ತಿರ ಹೋದರು ಎಂದು ಊರವರು ಆಡಿಕೊಳ್ಳುತ್ತಾರೆಂಬ ಅಳುಕಿದ್ದರೆ, ಶುಗರ್ ತೋರಿಸಲು ಹೋಗುವ ಅದೇ ಆಸ್ಪತ್ರೆಗೆ ಹೋಗುತ್ತಿದ್ದೇವೆ ಎಂದುಕೊಂಡು ಹೊರಡಿ.

ಕುಡಿತದ ತೊಂದರೆ ಇರುವ ಮನೆಯಲ್ಲಿ ಹಣಕ್ಕಿಂತ ಮೊದಲು ಹೆಂಗಸರ, ಮಕ್ಕಳ ರಕ್ಷಣೆ. ಹೊಡೆತ ಬಡಿತ ಇದ್ದರೆ 181, ಮಕ್ಕಳ ವಿಷಯವಾದರೆ 1098. ಈ ಎರಡು ನಂಬರನ್ನು ಆ ಮನೆಯ ಹೆಣ್ಣುಮಗಳ ಫೋನಿನಲ್ಲಿ ನೀವೇ ಸೇವ್ ಮಾಡಿಕೊಟ್ಟು ಬನ್ನಿ.

ಎರಡನೆಯದು: ಒಲೆ

ಹೊಟ್ಟೆ ತಣ್ಣಗಿಲ್ಲದೆ ಮುಂದಿನ ಯಾವ ಮಾತೂ ನಡೆಯುವುದಿಲ್ಲ. ರೇಷನ್ ಕಾರ್ಡು ತೆಗೆಸಿ ನೋಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆ.ಜಿ., ಆದ್ಯತಾ ಕುಟುಂಬದ ಕಾರ್ಡಿಗೆ ತಲೆಗೆ 5 ಕೆ.ಜಿ. ಧಾನ್ಯ ಹಕ್ಕಾಗಿ ಬರಬೇಕು. ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ಕೊಡುವುದು ಇದರ ಮೇಲೆ.

ಎರಡು ಕಡೆ ಹಕ್ಕು ಸೋರಿಹೋಗುತ್ತದೆ. ಒಂದು, ಇ-ಕೆವೈಸಿ, ಅಂದರೆ ಆಧಾರಿನ ಮೂಲಕ ಗುರುತು ಖಚಿತಪಡಿಸುವುದು, ಆಗದ ಹೆಸರುಗಳು. ಬೆರಳು ಸವೆದ ಅಜ್ಜಿಯದೋ, ದುಡಿಯಲು ಹೊರಗೆ ಹೋದ ಮಗನದೋ ಹೆಬ್ಬೆಟ್ಟು ಬೀಳದೆ ಬಾಕಿ ಉಳಿದಿರುತ್ತದೆ. ಎರಡು, ಮದುವೆಯಾಗಿ ಬಂದ ಸೊಸೆ ಮತ್ತು ಹುಟ್ಟಿದ ಕೂಸು ಕಾರ್ಡಿಗೆ ಸೇರಿರುವುದಿಲ್ಲ. ಸೊಸೆಯ ಹೆಸರು ತವರಿನ ಕಾರ್ಡಿನಲ್ಲಿ ಉಳಿದಿದ್ದರೆ ಮೊದಲು ಅಲ್ಲಿಂದ ತೆಗೆಸಬೇಕು.

ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳಿದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. ಮಾತೃಪೂರ್ಣದ ಬಿಸಿಯೂಟ ಬಸುರಿಯರಿಗೆ, ಬಾಣಂತಿಯರಿಗೆ ಇದೆ. ಶಾಲೆಗೆ ಹೋಗುವ ಮಗುವನ್ನು ಏನೇ ಆದರೂ ಬಿಡಿಸಬೇಡಿ. ಬಿಸಿಯೂಟ, ಹಾಲು, ಮೊಟ್ಟೆ ಅಲ್ಲಿದೆ. ಒಂದು ಹೊತ್ತಿನ ಊಟದ ಭಾರ ಮನೆಯ ಮೇಲಿಂದ ಇಳಿಯುತ್ತದೆ ಎಂಬುದು ಸಣ್ಣ ಮಾತಲ್ಲ. ಮನೆಯಲ್ಲಿಟ್ಟುಕೊಂಡು ಓದಿಸುವುದು ಆಗದಂತಿದ್ದರೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳನ್ನು ವಿಚಾರಿಸಿ.

ಮೂರನೆಯದು: ಸಾಲವನ್ನು ಬೆಳಕಿಗೆ ತನ್ನಿ

ಎಲ್ಲಕ್ಕಿಂತ ಕಠಿಣ ಕೆಲಸ ಇದು. ಹೊತ್ತು ಹಿಡಿಯುವುದೂ ಇದೇ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂರಬೇಕು. ದುಡಿಯುವ ಮಕ್ಕಳಿದ್ದರೆ ಅವರೂ. ಕೂರಿಸುವ ಮೊದಲು ಒಂದು ಮಾತು ಒಪ್ಪಿಸಿ: ಈ ಹೊತ್ತು ಯಾರೂ ಯಾರನ್ನೂ ಬೈಯುವಂತಿಲ್ಲ, ಯಾಕೆ ಮಾಡಿದೆ ಎಂದು ಕೇಳುವಂತಿಲ್ಲ. ಬರೆಯುವುದಷ್ಟೇ.

ನಾನು ಹೇಳಿದ ಆ ಮನೆಯಲ್ಲಿ ಮೊದಲ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಹೆಂಡತಿ ಎದ್ದು ಒಳಗೆ ಹೋಗಿ, ರಬ್ಬರ್ ಬ್ಯಾಂಡ್ ಬಿಚ್ಚಿ ನಾಲ್ಕು ಕಾರ್ಡುಗಳನ್ನು ಗಂಡನ ಮುಂದೆ ಒಂದರ ಪಕ್ಕ ಒಂದು ಜೋಡಿಸಿದರು. ಆತ ಅವನ್ನೇ ನೋಡುತ್ತ ಕೂತು, "ಗೊಬ್ಬರದಂಗಡ್ಯಾಗ ಅರವತ್ತು ಸಾವಿರ ಐತಿ" ಎಂದರು. ಆಮೇಲೆ ಬರೆಯುವುದು ಕಷ್ಟವಾಗಲಿಲ್ಲ.

ಒಂದೊಂದು ಸಾಲಕ್ಕೂ ಒಂದೊಂದು ಸಾಲು: ಯಾರಿಂದ, ಎಷ್ಟು ತಂದದ್ದು, ಈಗ ಎಷ್ಟು ಉಳಿದಿದೆ, ಬಡ್ಡಿ ಎಷ್ಟು, ಕಂತು ವಾರದ್ದೋ ತಿಂಗಳದ್ದೋ, ಏನು ಬರೆದುಕೊಟ್ಟಿದ್ದೀರಿ. ಈ ಕೊನೆಯದನ್ನು ಬಿಡಬೇಡಿ. ಖಾಲಿ ಚೆಕ್ಕು, ಸಹಿ ಮಾತ್ರ ಇರುವ ಬಾಂಡ್ ಪೇಪರ್ ಎಲ್ಲೆಲ್ಲಿ ಕೊಟ್ಟಿದ್ದಾರೆ ಎಂಬುದು ಮುಂದೆ ವಕೀಲರಿಗೆ ಬೇಕಾಗುತ್ತದೆ.

ಬಡ್ಡಿಯನ್ನು ಎಲ್ಲ ಕಡೆ ವರ್ಷದ ಲೆಕ್ಕಕ್ಕೆ ತನ್ನಿ. ನಮ್ಮಲ್ಲಿ ‘ನೂರಕ್ಕೆ ಐದು’ ಎಂದರೆ ತಿಂಗಳಿಗೆ ಐದು. ಐವತ್ತು ಸಾವಿರಕ್ಕೆ ತಿಂಗಳಿಗೆ 2,500 ರೂಪಾಯಿ, ವರ್ಷಕ್ಕೆ 30,000. ಇಪ್ಪತ್ತು ತಿಂಗಳು ತಪ್ಪದೆ ಬಡ್ಡಿ ಕಟ್ಟಿದವರು ಅಸಲಿನಷ್ಟನ್ನೇ ಕಟ್ಟಿರುತ್ತಾರೆ, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ರಾಜ್ಯದಲ್ಲಿ ಲೇವಾದೇವಿಗಾರರು ಭದ್ರತೆ ಇಟ್ಟುಕೊಂಡ ಸಾಲಕ್ಕೆ ವರ್ಷಕ್ಕೆ ಶೇ. 14, ಭದ್ರತೆ ಇಲ್ಲದ್ದಕ್ಕೆ ಶೇ. 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ಅಂದರೆ ಅದೇ ಐವತ್ತು ಸಾವಿರಕ್ಕೆ ವರ್ಷಕ್ಕೆ 8,000 ದಾಟಬಾರದು. ಮಿತಿಮೀರಿದ ಬಡ್ಡಿ ನಿಷೇಧಿಸುವ ಕಾಯ್ದೆ 2004ರಿಂದಲೇ ಇದೆ. ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿ. ನಾನು ಬರೆದು ತೋರಿಸಿದಾಗ ಎಷ್ಟೋ ಜನ ಪೆನ್ನು ಇಸಿದುಕೊಂಡು ತಾವೇ ಮತ್ತೊಮ್ಮೆ ಗುಣಿಸಿ ನೋಡಿದ್ದಾರೆ.

ಈಗ ಯಾವುದನ್ನು ಮೊದಲು ತೀರಿಸಬೇಕು? ಹೆಚ್ಚು ಗದರಿಸುವವರಿಗೆ ಮೊದಲು ಕಟ್ಟುವುದು ನಮ್ಮ ಅಭ್ಯಾಸ. ಅದರಲ್ಲೇ ತಪ್ಪುತ್ತೇವೆ. ನನ್ನ ಅನುಭವದಲ್ಲಿ ಸರಿ ಬಂದದ್ದು ಹೀಗೆ:

ಸೊಸೈಟಿಯ ಬೆಳೆಸಾಲ ಗಡುವಿನೊಳಗೆ ಕಟ್ಟುವುದು ಮೊದಲು. ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವು ತಪ್ಪಿದರೆ ಆ ಸೌಲಭ್ಯ ಹೋಗುತ್ತದೆ. ಇಷ್ಟು ಅಗ್ಗದ ಸಾಲ ಬೇರೆಲ್ಲೂ ಸಿಗದು, ಆ ಬಾಗಿಲು ಮುಚ್ಚಿಕೊಳ್ಳಬೇಡಿ. ಬೆಳೆಯೇ ಹೋಗಿದ್ದರೆ ಮಾತು ಬೇರೆ. ಪ್ರಕೃತಿ ವಿಕೋಪದಿಂದ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವೆಂದು ಸರ್ಕಾರ ಘೋಷಿಸಿದ ಕಡೆ ಬ್ಯಾಂಕುಗಳು ಬೆಳೆಸಾಲವನ್ನು ದೀರ್ಘ ಅವಧಿಗೆ ಮಾರ್ಪಡಿಸಿಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಮ್ಯಾನೇಜರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಂಗಾರದ ಸಾಲದಲ್ಲಿ ಬಡ್ಡಿಯನ್ನಾದರೂ ಕಟ್ಟಿ ಅವಧಿ ಮುಂದುವರಿಸಲು ಬರುತ್ತದೆಯೇ ಎಂದು ಹರಾಜಿನ ನೋಟಿಸು ಬರುವ ಮೊದಲೇ ಕೇಳಿ. ಆಮೇಲೆ ಕೈಗೆ ಬಂದ ಚೂರುಪಾರು ಹಣವೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲದ ಅಸಲಿಗೆ ಹೋಗಲಿ. ಅಕ್ಕಪಕ್ಕದವರ ಬಡ್ಡಿಯಿಲ್ಲದ ಕೈಗಡ ಕೊನೆಗೆ. ಅವರಿಗೆ ನೀವೇ ಹೋಗಿ, ಇಷ್ಟು ದಿನ ಬೇಕು ಎಂದು ಹೇಳಿ. ತಪ್ಪಿಸಿಕೊಂಡು ತಿರುಗುವುದರಿಂದ ಸ್ನೇಹವೂ ಕೆಡುತ್ತದೆ.

ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತು, ಈಗ ಹೆಣ್ಣುಮಕ್ಕಳ ನಿದ್ದೆ ಕೆಡಿಸಿರುವ ದೊಡ್ಡ ಕಾರಣ. ರಿಸರ್ವ್ ಬ್ಯಾಂಕ್ 2022ರಲ್ಲಿ ಇದಕ್ಕೆ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಯಾವ ಒತ್ತೆಯೂ ಇಲ್ಲದೆ ಕೊಡುವ ಸಾಲ ಇದು. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿದ್ದರೆ ಹೊಸ ಸಾಲ ಕೊಡಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬಂಧುಗಳಿಗೆ, ಜೊತೆ ಕೆಲಸ ಮಾಡುವವರಿಗೆ ಕಿರುಕುಳ ಕೊಡುವಂತಿಲ್ಲ, ಸಾಲದ ಸಂಗತಿಯನ್ನು ಊರಿಗೆಲ್ಲ ಸಾರುವಂತಿಲ್ಲ. ಹಣ ಪಡೆಯುವುದು ಇಬ್ಬರೂ ಒಪ್ಪಿದ ಒಂದು ಜಾಗದಲ್ಲಿ. ಅಲ್ಲಿಗೆ ಸತತ ಎರಡು ಸಲ ಅಥವಾ ಹೆಚ್ಚು ಸಲ ಬಾರದಿದ್ದರೆ ಮಾತ್ರ ಅವರು ಮನೆ ಬಾಗಿಲಿಗೆ ಬರಬಹುದು.

ನಿಯಮ ಮುರಿದರೆ ಮೊದಲು ಕಂಪನಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ. ಅದರ ಸಹಾಯವಾಣಿ 14448. ಪರವಾನಗಿ, ನೋಂದಣಿ ಏನೂ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರಿಗಾಗಿ 2025ರಲ್ಲಿ ಕರ್ನಾಟಕ ಬೇರೆಯದೇ ಕಾನೂನು ತಂದಿದೆ. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸ್ ಠಾಣೆಯವರು ಈ ದೂರನ್ನು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಫೋನಿನ ಕರೆ ದಾಖಲೆ, ಮೆಸೇಜು, ಬಂದು ಹೋದ ದಿನ ಮತ್ತು ಹೊತ್ತು ಎಲ್ಲವನ್ನೂ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಡಿ.

ಕಂತು ಕಟ್ಟಲು ಆಗುವುದಿಲ್ಲ ಎಂದು ಮೊದಲೇ ಗೊತ್ತಾದರೆ ಸಂಘದ ಉಳಿದ ಸದಸ್ಯೆಯರಿಗೆ ಮುಂಚೆಯೇ ಹೇಳಿ. ಅವರ ಮೇಲೂ ಒತ್ತಡ ಬೀಳುತ್ತದೆ, ಹೇಳದೆ ಊರು ಬಿಟ್ಟರೆ ಗೆಳತಿಯರೇ ಎದುರು ನಿಲ್ಲುತ್ತಾರೆ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಿಂದ ಸಾಲ ಎತ್ತುವುದನ್ನು ಈ ಹೊತ್ತಿಗೇ ನಿಲ್ಲಿಸಬೇಕು. ಆಕೆಯ ಚೀಲದಲ್ಲಿದ್ದ ನಾಲ್ಕರಲ್ಲಿ ಮೂರು ಕಾರ್ಡು ಹುಟ್ಟಿದ್ದು ಹೀಗೆಯೇ.

ಮನೆಯ ಯಜಮಾನ ತೀರಿಕೊಂಡಿದ್ದರೆ ಸಾಲಗಾರರು ಹನ್ನೊಂದನೇ ದಿನಕ್ಕೇ ಬಂದು ಹೆಂಡತಿಯಿಂದ ಸಹಿ ಹಾಕಿಸಿಕೊಳ್ಳಲು ನೋಡುತ್ತಾರೆ. ಯಾವ ಕಾಗದಕ್ಕೂ ಸಹಿ ಬೇಡ. ಆತನ ಸಾಲಕ್ಕೆ ಆತ ಬಿಟ್ಟುಹೋದ ಆಸ್ತಿಯ ಮಟ್ಟಿಗಷ್ಟೇ ವಾರಸುದಾರರು ಹೊಣೆ. ಆಕೆಯೂ ಸಾಲಗಾರ್ತಿಯಾಗಿ ಅಥವಾ ಜಾಮೀನುದಾರಳಾಗಿ ಸಹಿ ಮಾಡಿರದಿದ್ದರೆ ಆಕೆಯ ಕೂಲಿ ಹಣದ ಮೇಲೆ ಯಾರಿಗೂ ಹಕ್ಕಿಲ್ಲ. ಸಂಘದ ಸಾಲಕ್ಕೆ ಸಾಮಾನ್ಯವಾಗಿ ವಿಮೆ ಮಾಡಿಸಿರುತ್ತಾರೆ, ಅದನ್ನು ಕೇಳಿ.

ವಕೀಲರಿಗೆ ಕೊಡಲು ದುಡ್ಡೆಲ್ಲಿದೆ ಎನ್ನುವವರು ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100. ಬ್ಯಾಂಕ್ ಸಾಲವನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಆದರೆ ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಒಪ್ಪುವ ಮೊದಲು, ಹೇಳಿದ ದಿನಕ್ಕೆ ಅಷ್ಟು ಹಣ ಹೊಂದಿಸಲು ಆಗುತ್ತದೆಯೇ ಎಂದು ನೋಟ್‌ಬುಕ್ ತೆಗೆದು ನೋಡಿ.

ನಾಲ್ಕನೆಯದು: ಕಾಗದ

ಆಧಾರಿನಲ್ಲಿ ‘ಹುಲಿಗೆಮ್ಮ’, ರೇಷನ್ ಕಾರ್ಡಿನಲ್ಲಿ ‘ಹುಲಿಗೆವ್ವ’, ಪಾಸ್‌ಬುಕ್ಕಿನಲ್ಲಿ ‘ಹುಲಿಗಮ್ಮ ಗಂಡ ದಿವಂಗತ’. ಮೂರೂ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪಿಂಚಣಿ, ಗೃಹಲಕ್ಷ್ಮಿ, ಬೆಳೆ ಪರಿಹಾರ ನಿಂತುಹೋದ ಮನೆಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಆಧಾರನ್ನು ತಳಹದಿಯಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ನನ್ನ ಆಧಾರ್ ಈ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ?" ಅಂದರೆ, ಸರ್ಕಾರದ ಹಣ ಬರಲು ಆಧಾರ್ ಜೋಡಣೆಯಾಗಿರುವುದು ಇದೇ ಖಾತೆಗೋ ಎಂದು. ಸರ್ಕಾರದ ಹಣ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಯಾವತ್ತೋ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ತೆರೆದು ಮರೆತ ಖಾತೆಗೆ ವರ್ಷದಿಂದ ಹಣ ಬಿದ್ದುಕೊಂಡಿದ್ದದ್ದನ್ನು ಕಂಡಿದ್ದೇನೆ.

ಇನ್ನೊಂದು ದೊಡ್ಡ ಗಂಟು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿ ಅಜ್ಜನ ಹೆಸರಿನಲ್ಲೇ ಇರುತ್ತದೆ. ಉಳುವವರು ಮೊಮ್ಮಕ್ಕಳು. ಪಹಣಿ ತಮ್ಮ ಹೆಸರಿನಲ್ಲಿ ಇಲ್ಲದ ಮೇಲೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇಲ್ಲ. ಅದಿಲ್ಲದಿದ್ದರೆ ಬೆಳೆ ಪರಿಹಾರ, ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಅಡ್ಡಿ. ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷ ತೆಗೆದುಕೊಂಡು ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ. ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳ ಇದ್ದರೆ, ಸದ್ಯಕ್ಕೆ ಎಲ್ಲರ ಹೆಸರಿಗೂ ಜಂಟಿಯಾಗಿ ಪೌತಿ ಮಾಡಿಸಿಕೊಂಡು ಪಾಲನ್ನು ಆಮೇಲೆ ಮಾತಾಡಿಕೊಳ್ಳುವುದು ಲೇಸು. ಹೆಣ್ಣುಮಕ್ಕಳ ಹೆಸರು ಬಿಡುವಂತಿಲ್ಲ. ಅದು ಅವರ ಹಕ್ಕು.

ನಾಡಕಚೇರಿಯಲ್ಲಿ ಯಾವ ಅರ್ಜಿ ಕೊಟ್ಟರೂ ಸಕಾಲದ ಸ್ವೀಕೃತಿ ಚೀಟಿ ಪಡೆಯದೆ ಹೊರಗೆ ಬರಬೇಡಿ. ಅದರಲ್ಲಿ ಹದಿನೈದು ಅಂಕಿಯ ಜಿಎಸ್‌ಸಿ ನಂಬರ್ ಇರುತ್ತದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ದಾಟಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ನಂಬರ್ ಹಿಡಿದು ಬಂದವರಿಗೆ ‘ನಾಳೆ ಬಾ’ ಎನ್ನುವುದು ಕಡಿಮೆಯಾಗುತ್ತದೆ.

ಐದನೆಯದು: ಬರಬೇಕಾದ್ದನ್ನು ಕೇಳಿ ಪಡೆಯಿರಿ

ಮನೆಯ ಒಬ್ಬೊಬ್ಬರ ಹೆಸರನ್ನೂ ಬರೆದು ಪಕ್ಕದಲ್ಲಿ ವಯಸ್ಸು ಹಾಕಿ. ಅರವತ್ತು ದಾಟಿದವರು, ಗಂಡನನ್ನು ಕಳೆದುಕೊಂಡವರು, ಅಂಗವಿಕಲರು, ಮದುವೆಯಾಗದೆ ಅಥವಾ ಗಂಡ ಬಿಟ್ಟು ಒಂಟಿಯಾಗಿರುವ ಹೆಂಗಸರು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಪಿಂಚಣಿ ಇದೆ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಮನಸ್ವಿನಿ ಎಲ್ಲದಕ್ಕೂ ನಾಡಕಚೇರಿಯಲ್ಲೇ ಅರ್ಜಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ 2023ರಿಂದ ನಡೆಯುತ್ತಿದೆ. ಅತ್ತೆ ತೀರಿಕೊಂಡ ಮನೆಯಲ್ಲಿ ಯಜಮಾನಿಯ ಹೆಸರು ಬದಲಾಯಿಸದೆ ಅದು ನಿಂತಿರುತ್ತದೆ.

ದುಡಿಯುವವರು ತೀರಿಕೊಂಡ ಮನೆಯಲ್ಲಿ ಅವರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ ತಿಂಗಳ ಕೊನೆಯ ವಾರದ ಸಾಲುಗಳನ್ನು ಬೆರಳಿಟ್ಟು ಓದಿ. 436 ರೂಪಾಯಿ ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ. ಯಾವ ಕಾರಣಕ್ಕೆ ಸತ್ತರೂ ಮನೆಯವರಿಗೆ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಹಾವು ಕಡಿದು ಸತ್ತದ್ದೂ ಅಪಘಾತದಲ್ಲೇ ಬರುತ್ತದೆ, ಆಸ್ಪತ್ರೆಯ ದಾಖಲೆ ಇಟ್ಟುಕೊಳ್ಳಿ. ಖಾತೆ ತೆರೆಯುವಾಗ ಯಾರೋ ಸಹಿ ಹಾಕಿಸಿಕೊಂಡಿದ್ದು ಮನೆಯವರಿಗೆ ನೆನಪೇ ಇರುವುದಿಲ್ಲ. ಬ್ಯಾಂಕಿನವರು ತಾವಾಗಿ ಕರೆದು ಕೊಡುವುದೂ ಅಪರೂಪ. ಒಬ್ಬ ಹೆಣ್ಣುಮಗಳು ಈ 20 ರೂಪಾಯಿಯ ಸಾಲನ್ನು ನನಗೆ ತೋರಿಸಿ, "ಇದೇನು ನಮ್ಮ ರೊಕ್ಕ ಮುರಕೊಂಡಾರ?" ಎಂದು ಕೇಳಿದ್ದರು. ಆಕೆಯ ಗಂಡ ಟ್ರ್ಯಾಕ್ಟರ್ ಉರುಳಿ ತೀರಿಕೊಂಡಿದ್ದರು. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ಯಜಮಾನರು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಪ್ರತ್ಯೇಕವಾಗಿ ಇದೆ.

ಬೆಳೆ ವಿಮೆ ಮಾಡಿಸಿದವರು 72 ಗಂಟೆ ಎಂಬ ಮಾತನ್ನು ನೆನಪಿಡಬೇಕು. ಆಲಿಕಲ್ಲು, ಹೊಲಕ್ಕೆ ನೀರು ನುಗ್ಗಿದ್ದು, ಕೊಯ್ದು ಒಣಗಲು ಹಾಕಿದ ಬೆಳೆ ಅಕಾಲದ ಮಳೆಗೆ ಸಿಕ್ಕಿದ್ದು, ಇಂಥ ನಷ್ಟವನ್ನು ಅಷ್ಟರೊಳಗೆ ತಿಳಿಸಬೇಕು. 14447ಕ್ಕೆ ಫೋನ್ ಮಾಡಿ, ರೈತ ಸಂಪರ್ಕ ಕೇಂದ್ರಕ್ಕೂ ಹೇಳಿ, ಹೊಲದಲ್ಲಿ ನಿಂತು ಫೋಟೋ ತೆಗೆಯಿರಿ.

ಆಸ್ಪತ್ರೆ ಖರ್ಚು ಎಷ್ಟೋ ಮನೆಗಳ ಸಾಲದ ಮೊದಲ ಸಾಲು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು, ತುರ್ತು ಸಂದರ್ಭಕ್ಕೆ ಬೇಡ. ಈ ಪತ್ರವಿಲ್ಲದೆ ನೇರವಾಗಿ ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಹೋಗಿ ಹೊಲ ಮಾರಿದವರಿದ್ದಾರೆ. ಹೊರಡುವ ಮೊದಲು 104ಕ್ಕೆ ಫೋನ್ ಮಾಡಿ ಕೇಳಿ.

ಆರನೆಯದು: ಕೈಗೆ ಕೆಲಸ

ಉದ್ಯೋಗ ಖಾತ್ರಿಯಲ್ಲಿ ಕೆಲಸ ಪಂಚಾಯಿತಿಯವರು ಕರೆದು ಕೊಡುವಂಥದ್ದಲ್ಲ, ನಾವು ಬೇಡಿಕೆ ಇಟ್ಟು ಪಡೆಯುವಂಥದ್ದು. 2005ರ ಕಾಯ್ದೆಯಲ್ಲಿ ಮನೆಗೆ ವರ್ಷಕ್ಕೆ 100 ದಿನ ಇತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಅದನ್ನು 125 ದಿನ ಮಾಡಿದೆ, ಬಿತ್ತನೆ ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಲೂ ಅವಕಾಶ ಕೊಟ್ಟಿದೆ. 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಎರಡೂ ಕಾಯ್ದೆಯಲ್ಲಿ ಒಂದು ಮಾತು ಬದಲಾಗಿಲ್ಲ: ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಆದರೆ ಕೇಳಿದ್ದಕ್ಕೆ ದಾಖಲೆ ಬೇಕಲ್ಲ? ಆದ್ದರಿಂದ ಅರ್ಜಿಯ ಮೇಲೆ ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋದರೆ ಕೊಡದಿರಬಹುದು. ಹತ್ತು ಮನೆಯವರು ಒಟ್ಟಿಗೆ ಹೋಗಿ. ಅಷ್ಟು ಜನರ ಅರ್ಜಿ ಒಂದೇ ದಿನ ಮೇಜಿನ ಮೇಲೆ ಬಿದ್ದರೆ ಕೆಲಸದ ಪಟ್ಟಿ ತಯಾರಾಗುತ್ತದೆ.

ಗುಳೆ ಹೋಗುವುದೇ ಅನಿವಾರ್ಯವಾದರೆ, ಹೋಗಿ. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಹೊರಡುವ ಮೊದಲು ಮೂರು ಕೆಲಸ ಮಾಡಿಕೊಳ್ಳಿ. ರೇಷನ್ ಕಾರ್ಡಿನ ಇ-ಕೆವೈಸಿ ಮುಗಿಸಿಕೊಂಡರೆ ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಾಲು ಪಡೆಯಬಹುದು, ಬೇರೆ ರಾಜ್ಯವಾದರೂ ಸರಿ. ಮಕ್ಕಳನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಬಿಟ್ಟು ಶಾಲೆ ಮುಂದುವರಿಸಲು ಆಗುತ್ತದೆಯೇ ನೋಡಿ. ಕಟ್ಟಡ ಕೆಲಸಕ್ಕೆ ಹೋಗುವ 18ರಿಂದ 60 ವರ್ಷದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಅದರ ಅರ್ಜಿಯನ್ನೂ ಕೆಲಸದ ದೃಢೀಕರಣವನ್ನೂ ಮೇಸ್ತ್ರಿಯ ಬೆನ್ನುಬಿದ್ದು ಮಾಡಿಸಿಕೊಳ್ಳಿ. ಮುಂಗಡ ಪಡೆದು ಹೋಗುವವರು ಮುಂಗಡದ ಲೆಕ್ಕವನ್ನು ತಮ್ಮ ನೋಟ್‌ಬುಕ್ಕಿನಲ್ಲೂ ಬರೆದು ಸಹಿ ಪಡೆಯಲಿ.

ಊರಿನಲ್ಲೇ ಉಳಿಯುವ ಹೆಣ್ಣುಮಕ್ಕಳಿಗೆ ಸಂಜೀವಿನಿ, ಅಂದರೆ ಸರ್ಕಾರದ ಯೋಜನೆಯಡಿಯ ಸ್ವಸಹಾಯ ಸಂಘಗಳ ಒಕ್ಕೂಟ, ಇದೆ. ಕಂಪನಿಯ ವಾರದ ಕಂತಿನ ಸಂಘಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿರಲಿ. ಇಲ್ಲಿ ಉಳಿತಾಯ ನಿಮ್ಮದು, ನಿರ್ಧಾರವೂ ನಿಮ್ಮದು. ಎಳೆ ಕೂಸಿದ್ದರೆ ಪಂಚಾಯಿತಿಯ ‘ಕೂಸಿನ ಮನೆ’ಯಲ್ಲಿ ಬಿಟ್ಟು ಕೆಲಸಕ್ಕೆ ಹೋಗಬಹುದು.

ಏಳನೆಯದು: ಊರಿನ ಮುಂದೆ

ಒಂದು ಮನೆಯ ಕಷ್ಟ ಒಂದೇ ಮನೆಯದಾಗಿರುವುದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು 35 ಮಾನದಂಡಗಳಲ್ಲಿ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ನಮ್ಮ ಮನೆಯ ಲೆಕ್ಕ ತಪ್ಪಿದ್ದಕ್ಕೆ ನಮ್ಮ ಸೋಮಾರಿತನವೇ ಕಾರಣ ಎಂದು ಕೊರಗುವವರಿಗೆ ಇದನ್ನು ಹೇಳುತ್ತೇನೆ. ನೀರು, ರಸ್ತೆ, ಶಾಲೆ, ಆಸ್ಪತ್ರೆ, ಬ್ಯಾಂಕು ದೂರವಿರುವ ಕಡೆ ದುಡಿಮೆಯ ಫಲ ದಾರಿಯಲ್ಲೇ ಸೋರುತ್ತದೆ.

ಆದ್ದರಿಂದ ವಾರ್ಡ್ ಸಭೆಗೂ ಗ್ರಾಮಸಭೆಗೂ ಹೋಗಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಮನೆ, ದನದ ಕೊಟ್ಟಿಗೆ ಯಾರಿಗೆ ಎಂಬ ಫಲಾನುಭವಿಗಳ ಪಟ್ಟಿ ಅಲ್ಲಿ ಓದಬೇಕು. ಮಾತಾಡಿದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಸಭೆ ಮುಗಿಯುವ ಮೊದಲೇ ಓದಿಸಿ ಕೇಳಿ. ಎದ್ದು ನಿಂತು ಮಾತಾಡಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಪಿಡಿಒ ಕೈಗೆ ಕೊಡಿ.

ಕೊನೆಯದಾಗಿ, ಮತ್ತೆ ಕೂರುವ ದಿನ ಗೊತ್ತು ಮಾಡಿ

ಮೊದಲ ದಿನವೇ ಎಲ್ಲ ಮುಗಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಯ ಮಾರನೇ ದಿನವೆಂದೋ ಸಂತೆಯ ಸಂಜೆಯೆಂದೋ, ಮನೆಯವರೇ ಒಂದು ಹೊತ್ತು ಗೊತ್ತು ಮಾಡಿಕೊಳ್ಳಲಿ. ನೋಟ್‌ಬುಕ್ ತೆಗೆದು ಯಾವ ಅರ್ಜಿ ಎಲ್ಲಿಗೆ ಬಂತು, ಯಾವ ಸಾಲ ಎಷ್ಟು ಇಳಿಯಿತು ಎಂದು ಓದಬೇಕು. ಮೊದಲೆರಡು ಸಲ ನೀವೂ ಜೊತೆಗಿರಿ.

ಆ ಮನೆಗೆ ನಾನು ನಾಲ್ಕನೇ ಸಲ ಹೋದಾಗ ನೋಟ್‌ಬುಕ್ ಒಳಗಿನ ಟ್ರಂಕಿನಿಂದ ಹೊರಬಂದು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಗಂಡನ ದಪ್ಪ ಅಕ್ಷರದಲ್ಲಿ ಗೊಬ್ಬರದಂಗಡಿಯ ಸಾಲು. ಅದರ ಕೆಳಗೆ ಸಂಘದ ನಾಲ್ಕು ಸಾಲು, ಒಂದರ ಮೇಲೆ ಅಡ್ಡಗೆರೆ ಎಳೆದಿತ್ತು. ಹೈಸ್ಕೂಲಿಗೆ ಹೋಗುವ ಮಗಳು ಎಲ್ಲ ಸೇರಿಸಿ ಮೊತ್ತ ಹಾಕಿದ್ದಳು. ಆ ತಿಂಗಳ ಮೊತ್ತ ಹಿಂದಿನ ತಿಂಗಳಿಗಿಂತ 7,400 ರೂಪಾಯಿ ಕಡಿಮೆ ಇತ್ತು.